‘ಮುಂದಕ್ ಒಯ್ರಿ’ ಹಾಡಿನ ಮಳೆಗಾಲ

ದಾವಣಗೆರೆಯಲ್ಲಿ ನಾನಿರುವ ಬೀದಿಯ ತಿರುವಿನಲ್ಲಿ ಹೋದ ತಿಂಗಳು ಒಂದು ಮೋಟರ್ ವೈಂಡಿಂಗ್ ಅಂಗಡಿ ಶುರುವಾಯಿತು. ಬೆಳಿಗ್ಗೆ ಹಾಲು ತರಲು ಹೊರಟವನ ಮೂಗಿಗೆ ಬಿಸಿ ವಾರ್ನಿಷ್ ವಾಸನೆ ಬಡಿಯಿತು. ಹೊಸದಾಗಿ ಸುತ್ತಿದ ತಾಮ್ರದ ತಂತಿಗೆ ವಾರ್ನಿಷ್ ಹುಯ್ದು ಒಣಗಿಸುವಾಗ ಏಳುವ, ಗಂಟಲಿಗೆ ಅಂಟಿಕೊಳ್ಳುವ ವಾಸನೆ ಅದು. ಬೇರೆಯವರಿಗೆ ತಲೆನೋವು ಬರಬಹುದು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ನೆನಪಾಗಲು ಒಂದು ಗಳಿಗೆ ಬೇಕಾಯಿತು. ನೆನಪಾದ ಮೇಲೆ ಆ ಸಿಟ್ಟು ಇಳಿಯಲಿಲ್ಲ. ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾವು ಮೌಲಾ ಎಂದು ಕರೆಯುವ ನನ್ನ ಗೆಳೆಯ ಮೌಲಾಲಿಯದು ಹಗರಿಬೊಮ್ಮನಹಳ್ಳಿಯಲ್ಲಿ ಇಂಥದೇ ಅಂಗಡಿ. ಅವನ ಅಪ್ಪ ಇಟ್ಟದ್ದು. ಅಪ್ಪ ತೀರಿಕೊಂಡ ಮೇಲೆ ಇವನು ಕೂತ. ಸುತ್ತಲಿನ ಹಳ್ಳಿಗಳ ಸುಟ್ಟ ಪಂಪ್‌ಸೆಟ್ಟುಗಳೆಲ್ಲ ಅವನ ಬಾಗಿಲಿಗೆ ಬರುತ್ತಿದ್ದವು. ನಾನು ಕೊಟ್ಟೂರಿನವನು, ಹೆಸರು ಕೊಟ್ರೇಶ. ಐಟಿಐನಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವನು ಕಲಿತ ಕೆಲಸವನ್ನೇ ಹಿಡಿದ, ನಾನು ಬಿಟ್ಟೆ; ಅವನ ಅಂಗಡಿಯ ಪಕ್ಕದ ಫೋಟೋ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ತೆಗೆದು, ಕತ್ತರಿಸಿ, ಹಾಡು ಜೋಡಿಸುವ ಕೆಲಸಕ್ಕೆ ಸೇರಿದೆ. ಸ್ಟುಡಿಯೋದಲ್ಲಿ ಒಂದು ಕಂಪ್ಯೂಟರ್ ಇತ್ತು, ಒಂದು ಮೈಕು ಇತ್ತು. ಅವನ ಬಾಯಲ್ಲಿ ಮಾತಿತ್ತು. ನಮ್ಮ ರ‍್ಯಾಪ್ ಹುಟ್ಟಿದ್ದು ಹೀಗೆ.

ಅಮೆರಿಕಾದ ರ‍್ಯಾಪ್ ಹುಡುಗರು ತಮ್ಮ ಹೆಸರಿನ ಮೊದಲಿಗೆ ‘ಚಿಕ್ಕವನು’ ಎಂದು ಇಟ್ಟುಕೊಳ್ಳುತ್ತಾರೆ ಎಂದು ನಾನು ಅವನಿಗೆ ಹೇಳಿದ್ದೆ. ಅವನು ಕಾಯಿಲ್ ಸುತ್ತುವುದನ್ನು ನಿಲ್ಲಿಸದೆ, “ಹಂಗಾರ ನಮ್ಮ ಹಳ್ಳ ಮೊದ್ಲಿಂದನೂ ರ‍್ಯಾಪರ್ರ ಬಿಡಪ. ಚಿಕ್ಕ ಹಗರಿ ಅಂತ ಹೆಸರೈತಿ” ಅಂದ. ಅವತ್ತಿನಿಂದ ಅವನ ಹಾಡುಗಳ ಮೇಲೆ ಆ ಹೆಸರೇ ಬಂತು, ಚಿಕ್ಕ ಹಗರಿ.

ಭಾನುವಾರ ಮಧ್ಯಾಹ್ನ ಹಗರಿಬೊಮ್ಮನಹಳ್ಳಿ ಸ್ಟೇಷನ್ನಿನಲ್ಲಿ ಸೇರುತ್ತಿದ್ದೆವು. ಆಗ ಅಲ್ಲಿ ರೈಲು ಬರುವುದೇ ಅಪರೂಪ, ಪ್ಲಾಟ್‌ಫಾರ್ಮು ನಮ್ಮದೇ. ಕೂಡ್ಲಿಗಿಯಿಂದ, ಹಡಗಲಿಯಿಂದ, ಹರಪನಹಳ್ಳಿಯಿಂದ ಹುಡುಗರು ಬಸ್ಸು ಹತ್ತಿ ಬರುತ್ತಿದ್ದರು. ಒಬ್ಬ ಬಾಯಲ್ಲೇ ಡೋಲು ಹೊಡೆದರೆ ಉಳಿದವರು ಸುತ್ತ ನಿಂತು ಸಾಲಿಗೆ ಸಾಲು ಎಸೆಯುತ್ತಿದ್ದರು. ಹರಪನಹಳ್ಳಿಯವನು ‘ಐತೆ’ ಅಂದರೆ ನಾವು ‘ಐತಿ’ ಅನ್ನು ಎಂದು ಹರಿಹಾಯುತ್ತಿದ್ದೆವು. “ನಮ್ಮೂರ್ನ ಆ ಜಿಲ್ಲೆಗೆ ಹಾಕ್ತಾರೆ, ಈ ಜಿಲ್ಲೆಗೆ ಹಾಕ್ತಾರೆ, ನಾನು ಯಾವ ಊರ್ ಮಾತು ಆಡ್ಲಪ್ಪಾ?” ಎಂದು ಅವನು ರೇಗುತ್ತಿದ್ದ. ನಗೆಯಾಡಿದರೂ ಅದು ನಮ್ಮೆಲ್ಲರ ಕತೆ. ಒಂದು ಸಲ ಧಾರವಾಡ ಸೀಮೆಯ ರ‍್ಯಾಪ್ ಮೇಳವೊಂದಕ್ಕೆ ಮೌಲಾನ ಹಾಡು ಕಳಿಸಿದ್ದೆ. ಅದನ್ನು ನಡೆಸುವವನು ಫೋನು ಮಾಡಿ, “ಹಾಡೇನೋ ಖಡಕ್ ಐತ್ರಿ. ಆದ್ರ ನಿಮ್ಮ ಭಾಷಾ ಈ ಕಡಿದೂ ಅಲ್ಲ, ಆ ಕಡಿದೂ ಅಲ್ಲ” ಅಂದ. ಬೆಂಗಳೂರಿನವರಿಗೆ ನಾವು ಬಾಯಿ ಬಿಟ್ಟರೆ ಸಾಕು, ಕಾಮಿಡಿ. ಇವರಿಬ್ಬರ ನಡುವೆ ಐದು ತಾಲೂಕಿನ ಜನ ಮಾತಾಡುತ್ತಾರೆ, ಬಯ್ಯುತ್ತಾರೆ, ಅಳುತ್ತಾರೆ ಎಂಬುದು ಯಾರ ತಲೆಗೂ ಹೋಗಿರಲಿಲ್ಲ.

ಏಳೆಂಟು ವರ್ಷದ ಹಿಂದೆ ಒಂದು ಸಲ ಮುಂಗಾರು ಚೆನ್ನಾಗಿ ಹಿಡಿದಿತ್ತು. ಮೌಲಾನ ಅಕ್ಕ ಪರ್ವೀನ್ ಚೊಚ್ಚಲ ಹೆರಿಗೆಗೆಂದು ಇಟ್ಟಿಗಿಯ ಗಂಡನ ಮನೆಯಿಂದ ತವರಿಗೆ ಬಂದಿದ್ದಳು. ನಮ್ಮ ಹಾಡು ಹೊರಗೆ ಹೋಗುವ ಮೊದಲು ಅವಳು ಕೇಳಬೇಕು, ಅದು ಕಾನೂನು. ಅಂಗಡಿಯ ಹಿಂದಿನ ಮನೆಯಲ್ಲಿ ಹೊಲಿಗೆ ಮಷಿನ್ನಿನ ಮುಂದೆ ಕೂತು, ಕಿವಿಗೆ ಇಯರ್‌ಫೋನು ಹಾಕಿಕೊಂಡು ಕೇಳಿ, “ಇದರಾಗ ನೀನು ಬಾಳ ಶಾಣ್ಯಾ ಆಗಾಕ್ ಹೋಗೀದಿ. ತಗಿ ಅದನ್ನ” ಅನ್ನುವಳು. ಮೌಲಾ ಮುಖ ಊದಿಸಿಕೊಂಡು ತೆಗೆಯುತ್ತಿದ್ದ. ತೆಗೆದ ಮೇಲೆ ಹಾಡು ಚೆನ್ನಾಗಿಯೇ ಆಗುತ್ತಿತ್ತು. ನನಗೂ ಅವಳು ಪರ್ವೀನಕ್ಕ.

ಒಂದು ಬೆಳಿಗ್ಗೆ ನಾನು ಸ್ಟುಡಿಯೋದ ಶಟರ್ ಎತ್ತುತ್ತಿದ್ದಾಗ ಮೌಲಾ ಮಳೆಯಲ್ಲಿ ಓಡಿ ಬಂದ. “ಕೊಟ್ರ್ಯಾ, ಅಕ್ಕಗ ನೋವು ಬಂದಾವ. ನಿಮ್ಮ ವ್ಯಾನ್ ತಗಿ.” ಮದುವೆಗೆ ಸಾಮಾನು ಒಯ್ಯುವ ಸ್ಟುಡಿಯೋದ ವ್ಯಾನು ಅದು. ಲೈಟಿನ ಸ್ಟ್ಯಾಂಡುಗಳನ್ನು ಕೆಳಗೆ ಎಸೆದು ಹಾಸಿಗೆ ಹಾಸಿದೆವು. ಅವನ ತಾಯಿ ಹಸೀನಮ್ಮ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಮೌಲಾ ಅಕ್ಕನ ಪಕ್ಕ ಕೂತ, ನಾನು ಓಡಿಸಿದೆ.

ಮೊದಲನೇ ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರು ಇರಲಿಲ್ಲ. ನರ್ಸು ಕೈ ಮುಟ್ಟಿ ನೋಡಿ, ಬಿಪಿ ನೋಡಿ, “ನಮ್ಮ ಕೈಯಾಗ ಆಗಲ್ರಿ, ಮುಂದಕ್ ಒಯ್ರಿ” ಅಂದಳು. ಎರಡನೇ ಆಸ್ಪತ್ರೆಯಲ್ಲಿ ಡಾಕ್ಟರು ಇದ್ದರು, ರಕ್ತ ಇರಲಿಲ್ಲ. “ಮುಂದಕ್ ಒಯ್ರಿ, ಲೇಟ್ ಮಾಡಬ್ಯಾಡ್ರಿ.” ಅದರ ಮುಂದಿನದರಲ್ಲಿ ಬಾಗಿಲಲ್ಲಿ ನಿಂತವನೊಬ್ಬ ವ್ಯಾನಿನೊಳಗೆ ಬಗ್ಗಿಯೂ ನೋಡದೆ, ಬೆಡ್ಡಿಲ್ಲ ಎಂದು ಕೈ ಬೀಸಿದ. ಊರುಗಳ ಹೆಸರು ಬರೆಯುವುದಿಲ್ಲ. ಯಾವ ಊರಿನ ಹೆಸರು ಹಾಕಿದರೂ ನಡೆಯುತ್ತದೆ ಎಂಬುದೇ ನನ್ನ ಸಿಟ್ಟು. ರಸ್ತೆಯ ತುಂಬ ಗುಂಡಿ, ಗುಂಡಿಯ ತುಂಬ ನೀರು, ಯಾವುದು ಎಷ್ಟು ಆಳ ಎಂದು ತಿಳಿಯುತ್ತಿರಲಿಲ್ಲ. ವ್ಯಾನು ಎತ್ತಿ ಹಾಕಿದಾಗಲೆಲ್ಲ ಹಿಂದಿನಿಂದ ಪರ್ವೀನಕ್ಕನ ದನಿ ಬರುತ್ತಿತ್ತು: “ಇನ್ನಾ ಎಷ್ಟು ದೂರ ಐತೋ?” ಮೌಲಾ ಪ್ರತಿ ಸಲವೂ, “ಬಂತಕ್ಕ, ಬಂತು” ಅನ್ನುತ್ತಿದ್ದ. ಆಮೇಲೆ ಅವಳು ಕೇಳುವುದನ್ನು ನಿಲ್ಲಿಸಿದಳು.

ಕೊನೆಯ ಆಸ್ಪತ್ರೆಯವರು ಒಳಗೆ ತೆಗೆದುಕೊಂಡರು. ಮಗು ಉಳಿಯಿತು, ಹೆಣ್ಣು. ಪರ್ವೀನಕ್ಕ ಉಳಿಯಲಿಲ್ಲ.

ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ ಮುಗಿಯುವವರೆಗೆ ಮೌಲಾ ಅಂಗಡಿ ತೆರೆಯಲಿಲ್ಲ. ಮುಗಿದ ಮರುದಿನ ಮಧ್ಯಾಹ್ನ ಸ್ಟುಡಿಯೋಕ್ಕೆ ಬಂದು, “ಮೈಕ್ ಹಾಕು” ಅಂದ. ಹೊರಗೆ ಧೋ ಎಂದು ಮಳೆ, ತಗಡಿನ ಮೇಲೆ ಬೀಳುವ ಸದ್ದಿಗೆ ಅವನ ಮಾತೇ ಕೇಳುತ್ತಿರಲಿಲ್ಲ. ಮಳೆ ನಿಲ್ಲಲಿ ಅಂದೆ. “ಅವತ್ತೇನು ಮಳಿ ನಿಂತಿತ್ತೇನು? ಹಾಕು” ಅಂದ. ಹಾಕಿದೆ. ಬೀಟು ಬೇಡ ಅಂದ. ತಗಡಿನ ಮೇಲಿನ ಮಳೆಯೇ ಬೀಟು.

ವ್ಯಾನಿನ ಗಾಲಿ ಗುಂಡಿಗಿ ಬಿದ್ದಾಗ
ಅಕ್ಕ ನನ್ನ ಕೈ ಹಿಚುಕ್ಯಾಳ,
ಇನ್ನಾ ಎಷ್ಟು ದೂರ ಐತೋ ತಮ್ಮಾ
ಅಂತ ನನ್ನಽ ಕೇಳ್ಯಾಳ.

ಮುಂದಕ್ ಒಯ್ರಿ, ಮುಂದಕ್ ಒಯ್ರಿ,
ಇಲ್ಲಿ ಡಾಕ್ಟ್ರಿಲ್ಲ, ಮುಂದಕ್ ಒಯ್ರಿ,
ಅಲ್ಲಿ ರಕ್ತಿಲ್ಲ, ಮುಂದಕ್ ಒಯ್ರಿ,
ಹಾದಿ ಮುಗಿತಂದ್ರ ಎಲ್ಲಿಗ್ ಒಯ್ಲಿ?

ಎರಡನೇ ಸಲ ‘ಒಯ್ರಿ’ ಅನ್ನುವಾಗ ಅವನ ದನಿ ಒಡೆಯಿತು. ಬಿಕ್ಕು ಬಂದು ಮಾತಿನ ನಡುವೆಯೇ ಸಿಕ್ಕಿಕೊಂಡಿತು. ಇನ್ನೊಂದು ಸಲ ಹೇಳುತ್ತೀಯಾ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಹಾಗೆಯೇ ಬಿಟ್ಟೆವು. ಅಕ್ಕನ ಹೆಸರನ್ನು ಅವನು ಹಾಡಿನಲ್ಲಿ ಎಲ್ಲೂ ಹೇಳಿರಲಿಲ್ಲ. ಕೇಳಿದ್ದಕ್ಕೆ, “ಹೆಸರು ತಗದ್ರ ಮುಂದ ಹಾಡಾಕ ಆಗಲ್ಲ ನನಗ” ಅಂದ.

ನೆಟ್ಟಿಗೆ ಹಾಕಿದ ಮೇಲೆ ಹಾಡು ಮೊಬೈಲಿನಿಂದ ಮೊಬೈಲಿಗೆ ನಮ್ಮ ತಾಲೂಕುಗಳಲ್ಲೆಲ್ಲ ಓಡಾಡಿತು. ಕೂಡ್ಲಿಗಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಣ್ಣುಮಗಳು ಅದನ್ನು ಕೇಳುತ್ತ ಸೆರಗು ಬಾಯಿಗೆ ಒತ್ತಿಕೊಂಡದ್ದನ್ನು ನಾನೇ ಕಂಡೆ. ಉಚ್ಚಂಗಿದುರ್ಗದಿಂದ ಮೋಟರು ತಂದ ಒಬ್ಬರು, ಮೌಲಾ ಹಾಡಿದವನೆಂದು ಗೊತ್ತಾದ ಮೇಲೆ, ಅಂಗಡಿಯ ಮೆಟ್ಟಿಲ ಮೇಲೆ ಕೂತು ತಮ್ಮ ಸೊಸೆಯ ಕತೆ ಹೇಳಿದರು. ಅದೇ ಕತೆ. ಆಸ್ಪತ್ರೆಗಳು ಬೇರೆ, ಅಷ್ಟೆ.

ಆಮೇಲೆ ಬೆಂಗಳೂರಿನಿಂದ ಫೋನು ಬಂತು. ಹಾಡು ಮಾಡಿ ಮಾರುವ ಕಂಪನಿಯೊಂದರವನು. ಮೌಲಾ ಕೈಗೆ ವಾರ್ನಿಷ್ ಆಗಿದ್ದರಿಂದ ಸ್ಪೀಕರಿಗೆ ಹಾಕಿದ್ದ, ನಾನು ಪಕ್ಕದಲ್ಲೇ ಇದ್ದೆ.

“ಬ್ರೋ, ನಿಮ್ ಸ್ಲ್ಯಾಂಗು ಸಖತ್ತಾಗಿದೆ. ಆ ‘ಒಯ್ರಿ’ ಅನ್ನೋದಿದ್ಯಲ್ಲ, ಅದಕ್ಕೆ ಒಳ್ಳೆ ಡ್ಯಾನ್ಸ್ ಬೀಟ್ ಕೊಟ್ರೆ ಪಕ್ಕಾ ಹಿಟ್ಟು. ಫುಲ್ ಫನ್ ಮಾಡಿಬಿಡೋಣ.”

“ಸರ್, ಹಾಡು ಪೂರ್ತಿ ಕೇಳೀರೇನ್ರಿ?”

“ಹುಕ್ ಕೇಳ್ದೆ ಬ್ರೋ, ಆ ರಿಪೀಟ್ ಲೈನು.”

“ಅದು ನಮ್ಮಕ್ಕ ಸತ್ತಿದ್ದು ಸರ್.”

“ಓ, ಸಾರಿ ಬ್ರೋ. ನಂಗೊತ್ತಿರ್ಲಿಲ್ಲ. ಆದ್ರೂ ಒಂದ್ಸಲ ಯೋಚ್ನೆ ಮಾಡಿ.”

“ಯೋಚ್ನಿ ಮಾಡೂದು ಏನೂ ಇಲ್ರಿ. ಬ್ಯಾಡ.”

ಇಷ್ಟನ್ನು ಯಾಕೆ ಬರೆದೆನೆಂದರೆ, ಮುಂದಿನದನ್ನು ಅವರು ಗೊತ್ತಿಲ್ಲದೆ ಮಾಡಿದರು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅವರಿಗೆ ಗೊತ್ತಿತ್ತು. ನನ್ನ ಕಿವಿಯಾರೆ ಕೇಳಿದ್ದೇನೆ.

ಮಳೆ ಕಳೆದು ದೀಪಾವಳಿ ದಾಟಿ ಮದುವೆಗಳು ಶುರುವಾದವು. ಕೊಟ್ಟೂರಿನಲ್ಲಿ ಒಂದು ಮದುವೆಯ ಮೆರವಣಿಗೆಗೆ ಕ್ಯಾಮರಾ ಹಿಡಿದು ಹೋಗಿದ್ದೆ. ಲೈಟು ಹಿಡಿಯುವವನು ಕೈಕೊಟ್ಟಿದ್ದ, ಬರುತ್ತೀಯಾ ಎಂದು ಮೌಲಾನನ್ನು ಕರೆದುಕೊಂಡಿದ್ದೆ. ಹೊರಗೆ ಬಂದರೆ ಅವನಿಗೂ ಹಗುರಾದೀತು ಎಂಬ ಆಸೆ ನನಗೆ. ಸಂಜೆ ಕವಿಯುತ್ತಿತ್ತು. ಮುಂದೆ ಟ್ರ್ಯಾಕ್ಟರಿನ ಮೇಲೆ ಡಿಜೆ, ಹಿಂದೆ ಮದುಮಗನ ಕಾರು. ಡಿಜೆಯವನು ಮೈಕಿನಲ್ಲಿ, “ಈಗ ಬರ್ತೈತಿ ನೋಡ್ರಿ, ಎಲ್ಲೆಲ್ಲೂ ಇದಽ ಹವಾ!” ಎಂದು ಕೂಗಿ ಹಾಡು ಬಿಟ್ಟ.

ಮೌಲಾನ ದನಿ. ಅವನದೇ ದನಿ, ಕದ್ದು ಕತ್ತರಿಸಿದ್ದು. ‘ಮುಂದಕ್ ಒಯ್ರಿ, ಮುಂದಕ್ ಒಯ್ರಿ.’ ಕೆಳಗೆ ಎದೆ ನಡುಗಿಸುವ ಬೀಟು. ನಡುವೆ ಯಾರೋ ಬೇರೆಯವನು ಬಾಟ್ಲಿ ಮುಂದಕ್ ಒಯ್ರಿ, ಪಾರ್ಟಿ ಮುಂದಕ್ ಒಯ್ರಿ ಎಂದು ಕಿರುಚುತ್ತಿದ್ದ. ಡಾಕ್ಟರು ಇಲ್ಲ, ರಕ್ತ ಇಲ್ಲ, ಎಲ್ಲಿಗ್ ಒಯ್ಲಿ ಎಂಬ ಪ್ರಶ್ನೆಯೂ ಇಲ್ಲ. ಆದರೆ ಆ ಬಿಕ್ಕನ್ನು ಇಟ್ಟುಕೊಂಡಿದ್ದರು. ಅವನ ಗಂಟಲಲ್ಲಿ ಸಿಕ್ಕಿಕೊಂಡ ಅಳುವನ್ನು ತೆಗೆದು, ಹಿಂದೆ ಮುಂದೆ ಎಳೆದು, ಕುಡಿದವನ ಬಿಕ್ಕಳಿಕೆಯ ಹಾಗೆ ಮತ್ತೆ ಮತ್ತೆ ಬರುವಂತೆ ಕೂಡಿಸಿದ್ದರು. ಅದು ಬಂದಾಗಲೆಲ್ಲ ಹುಡುಗರು ಹೋ ಎಂದು ನಗುತ್ತಿದ್ದರು. ನಾಲ್ಕು ಜನ ಸೇರಿ ಒಬ್ಬನನ್ನು ಅಂಗಾತ ಎತ್ತಿಕೊಂಡು ಓಡುವುದು ಆ ಹಾಡಿನ ಕುಣಿತ. ವಿಡಿಯೋದಲ್ಲಿ ಹಾಗೆಯೇ ಇತ್ತಂತೆ, ಎಲ್ಲರೂ ಕಲಿತುಬಿಟ್ಟಿದ್ದರು.

ನಾನು ತಿರುಗಿ ನೋಡುವಷ್ಟರಲ್ಲಿ ಮೌಲಾ ಲೈಟನ್ನು ನೆಲಕ್ಕಿಟ್ಟು ಟ್ರ್ಯಾಕ್ಟರು ಹತ್ತಿದ್ದ. ಡಿಜೆಯವನ ಕೈಯಿಂದ ಮೈಕು ಕಿತ್ತುಕೊಂಡು ಹಾಡು ನಿಲ್ಲಿಸಿದ. ಕ್ಯಾಮರಾ ನನ್ನ ಹೆಗಲ ಮೇಲೆ ಓಡುತ್ತಲೇ ಇತ್ತು. “ಇದು ನನ್ನ ಹಾಡು. ಪೂರ್ತಿ ಕೇಳ್ರಿ” ಅಂದು ಮೊದಲಿನಿಂದ ಶುರು ಮಾಡಿದ. ವ್ಯಾನಿನ ಗಾಲಿ ಗುಂಡಿಗಿ ಬಿದ್ದಾಗ. ಜನ ಇದೂ ಒಂದು ಮಜಾ ಎಂದುಕೊಂಡರು. ಸಿಳ್ಳೆ ಬಂತು. “ಒನ್ಸ್ ಮೋರ್ ಲೇ!” ‘ಒಯ್ರಿ’ ಬಂದ ಕೂಡಲೇ ಮತ್ತೆ ಒಬ್ಬನನ್ನು ಎತ್ತಿಕೊಂಡು ಕುಣಿದರು. ಅವನು ನಿಲ್ಲಿಸಲಿಲ್ಲ. ಕತ್ತಿನ ನರ ಉಬ್ಬಿಸಿಕೊಂಡು ಇನ್ನೂ ಜೋರಾಗಿ ಹೇಳಿದ. ಆರತಿ ತಟ್ಟೆ ಹಿಡಿದ ಮದುಮಗನ ಅಜ್ಜಿಯೊಬ್ಬರು ಟ್ರ್ಯಾಕ್ಟರಿನ ಹತ್ತಿರ ಬಂದು, ತಲೆ ಮೇಲೆತ್ತಿ ಕೇಳಿದರು: “ಯಾರು ಹೋಗ್ಯಾರಪ್ಪಾ ನಿಮ್ಮನ್ಯಾಗ?”

“ನಮ್ಮಕ್ಕ, ಅಮ್ಮಾ.”

“ಬಂದ್ ಮಾಡ್ರೋ ಕುಣ್ಯಾದು!” ಎಂದು ಆಕೆ ಹುಡುಗರ ಮೇಲೆ ಚೀರಿದರು. ಆ ಒಬ್ಬ ಮುದುಕಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಆದರೆ ಮದುಮಗನ ಸೋದರಮಾವ ನುಗ್ಗಿ ಬಂದ. “ಮದಿವಿ ಮುಂದ ಸಾವಿನ ಮಾತು ಆಡ್ತಿ? ಯಾವನಲೇ ನೀನು? ಇಳೀ ಕೆಳಗ!” ಎಂದು ಅಂಗಿ ಹಿಡಿದು ಜಗ್ಗಿದ. ಮೌಲಾ ಟ್ರ್ಯಾಕ್ಟರಿನ ಅಂಚಿಗೆ ಮೊಣಕೈ ಬಡಿದು ಕೆಳಗೆ ಬಿದ್ದ. ನಾನು ಕ್ಯಾಮರಾ ಬಿಟ್ಟು ಅವನನ್ನು ಎಬ್ಬಿಸುವಷ್ಟರಲ್ಲಿ ಬೇರೆ ಹಾಡು ಹಾಕಿ ಮೆರವಣಿಗೆ ಹೊರಟೇ ಹೋಯಿತು. ಮೊಣಕೈಯಿಂದ ರಕ್ತ ಸುರಿಯುತ್ತಿತ್ತು. ಅವನು ಅದನ್ನು ನೋಡಿಕೊಳ್ಳಲೂ ಇಲ್ಲ. “ಅವರು ಕುಣದ್ರು ಕೊಟ್ರ್ಯಾ. ಪೂರ್ತಿ ಕೇಳಿನೂ ಕುಣದ್ರು” ಅಂದ.

ಇದಾದ ಮೇಲೆ ನಡೆದದ್ದು ಇನ್ನೂ ಹೊಲಸು. ನೆಟ್ಟಿನಲ್ಲಿದ್ದ ನಮ್ಮ ಮೂಲ ಹಾಡು ಒಂದು ದಿನ ಕಾಣೆಯಾಯಿತು. ಅದರ ಜಾಗದಲ್ಲಿ ಒಂದು ಸೂಚನೆ: ಈ ಹಾಡು ಇನ್ನೊಬ್ಬರ ಹಾಡಿನ ನಕಲು, ಅವರ ದೂರಿನ ಮೇಲೆ ತೆಗೆಯಲಾಗಿದೆ. ಅವರು ಎಂದರೆ ಅದೇ ಕಂಪನಿ. ಮೌಲಾನ ದನಿಗೆ ಮೌಲಾ ನಕಲಿಯಾದ. ಹಾಡು ತೆಗೆದವರಿಗೆ ನಾನು ಬರೆದೆ, ಮತ್ತೆ ಬರೆದೆ, ಮೊದಲು ಹಾಕಿದವರು ನಾವು ಎಂದು ತೋರಿಸಿದೆ. ಪರಿಶೀಲಿಸಿದ್ದೇವೆ, ತೀರ್ಮಾನ ಬದಲಾಗುವುದಿಲ್ಲ ಎಂಬ ಅಚ್ಚಿನ ಉತ್ತರ ಬಂತು. ಆ ಫೋನು ಮಾಡಿದವನ ನಂಬರಿಗೆ ಹಚ್ಚಿದೆ. ಎತ್ತಲಿಲ್ಲ. ಆಮೇಲೆ ಆ ನಂಬರೇ ಇರಲಿಲ್ಲ.

ಇತ್ತ ಹಗರಿಬೊಮ್ಮನಹಳ್ಳಿಯ ಪ್ರತಿ ಆಟೋದಲ್ಲೂ ಅದೇ ಹಾಡು. ಹಸೀನಮ್ಮ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಾಟಲಿ ಹಾಲು ಕುಡಿಸುವಾಗ ಬೀದಿಯಲ್ಲಿ ಅದು ಹಾದುಹೋದರೆ ಎದ್ದು ಕಿಟಕಿ ಮುಚ್ಚುತ್ತಿದ್ದರು. ಮೌಲಾ ಸ್ಟೇಷನ್ನಿಗೆ ಬರುವುದನ್ನು ಬಿಟ್ಟ. ಅವನಿಲ್ಲದೆ ಉಳಿದವರೂ ಚೆದುರಿದರು. ಹಡಗಲಿಯವನು ಬಸ್ ಕಂಡಕ್ಟರಾದ, ನಾನು ದಾವಣಗೆರೆಗೆ ಬಂದೆ. ಪರ್ವೀನಕ್ಕನ ಗಂಡ ಬೇರೆ ಮದುವೆಯಾದ. ಕೂಸು ಅಜ್ಜಿಯ ಹತ್ತಿರವೇ ಬೆಳೆಯಿತು. ಅಲ್ಲಿಗೆ ನಮ್ಮ ಹಾಡಿನ ಕಾಲ ಮುಗಿಯಿತು.

ವಾರ್ನಿಷ್ ವಾಸನೆ ಬಡಿದ ಆ ವಾರವೇ ನಾನು ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿದೆ. ಮೌಲಾನ ಗಡ್ಡದಲ್ಲಿ ಬಿಳಿ ಕೂದಲು ಬಂದಿದ್ದವು. ಚಾ ಕುಡಿಯುತ್ತ ಕೂತಿದ್ದಾಗ ಶಾಲೆ ಬಿಟ್ಟ ಆಯಿಷಾ ಓಡಿ ಬಂದಳು, ಪರ್ವೀನಕ್ಕನ ಮಗಳು. ಈಗ ಎರಡನೇ ಕ್ಲಾಸು. ಪಾಟಿಚೀಲವನ್ನು ಎಸೆದು, “ಮಾಮು, ಸಾಲಿ ಗ್ಯಾದರಿಂಗಿಗೆ ನಮ್ಮ ಡ್ಯಾನ್ಸ್ ಐತಿ. ನಾನಽ ಮುಂದ! ನನ್ನನ್ನಽ ಎತ್ಕೊಂಡು ಹೋಗ್ತಾರ” ಎಂದು ಕೈ ಚಾಚಿ, ಕಣ್ಣು ಮುಚ್ಚಿ, ಅಂಗಾತ ಬಿದ್ದವಳ ಹಾಗೆ ತಲೆ ಹಿಂದಕ್ಕೆ ಹಾಕಿ ತೋರಿಸಿದಳು. ಬಾಯಲ್ಲಿ ‘ಮುಂದಕ್ ಒಯ್ರಿ’. ಆ ಬಿಕ್ಕನ್ನೂ ಬಿಡದೆ ಅನುಕರಿಸಿದಳು.

ಹಸೀನಮ್ಮ ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಮೌಲಾ ಕೈ ಒರೆಸಿಕೊಂಡ. ಆಯಿಷಾಳನ್ನು ಎದುರಿಗೆ ಸ್ಟೂಲಿನ ಮೇಲೆ ಕೂರಿಸಿದ. “ಈ ಹಾಡು ನಾನು ಮಾಡಿದ್ದವ್ವಾ. ನಿಮ್ಮಮ್ಮಗ ನೋವಾಗಿದ್ದಕ್ಕ ಮಾಡಿದ್ದು. ಅವರು ಕೆಡಿಸ್ಯಾರ” ಅಂದ. ಆಮೇಲೆ ಇಡೀ ಹಾಡನ್ನು ಮೆಲ್ಲಗೆ, ಬರೀ ಮಾತಿನ ಹಾಗೆ, ಅವಳಿಗೆ ಹೇಳಿದ. ಅವಳು ಕಣ್ಣು ಮಿಟುಕಿಸದೆ ಕೇಳಿ, “ಅವರಿಗೆ ನೀನು ಬೈಲಿಲ್ಲಾ?” ಎಂದು ಕೇಳಿದಳು.

ಮರುದಿನ ಬೆಳಿಗ್ಗೆ ನಾನೂ ಅವನೂ ಶಾಲೆಗೆ ಹೋದೆವು. ಡ್ಯಾನ್ಸ್ ಕಲಿಸುವ ಟೀಚರು ಸಣ್ಣ ವಯಸ್ಸಿನವರು. ವಿಷಯ ಕೇಳಿ ಮುಖ ಕೆಂಪಾಯಿತು. “ಗೊತ್ತಿದ್ದಿಲ್ಲಣ್ಣ, ಇವತ್ತಽ ತಗದುಬಿಡ್ತೀನಿ” ಅಂದರು. ಆ ಹಾಡಿನ ಬದಲು ಅದರ ಮೂಲವನ್ನು ತಾನು ಹೇಳುತ್ತೇನೆ, ಗ್ಯಾದರಿಂಗಿನಲ್ಲಿ ಸ್ವಲ್ಪ ಹೊತ್ತು ಕೊಡಿ ಎಂದು ಮೌಲಾ ಕೇಳಿದ. ಪಕ್ಕದಲ್ಲಿದ್ದ ಹೆಡ್‌ಮಾಸ್ತರರು ಕನ್ನಡಕ ತೆಗೆದರು. “ಬ್ಯಾಡಪಾ. ದೊಡ್ಡ ಮಂದಿ ಬರೋ ಕಾರ್ಯಕ್ರಮ. ಮಕ್ಕಳ ಮುಂದ ಸಾವಿನ ಹಾಡು ಯಾಕ?”

“ಇಷ್ಟು ದಿನ ಮಕ್ಕಳ್ನ ಯಾವ ಹಾಡಿಗೆ ಕುಣಿಸ್ತಿದ್ರಿ ಸರ್?” ಅಂದ ಮೌಲಾ.

ಹೆಡ್‌ಮಾಸ್ತರರು ಮೇಜಿನ ಮೇಲಿನ ಗಂಟೆ ಒತ್ತಿದರು. ನಾವು ಎದ್ದು ಬಂದೆವು.

ಗೇಟಿನ ಹೊರಗೆ ಅವನು ನಿಂತ. ಎಷ್ಟೋ ವರ್ಷದಿಂದ ನಾನು ಕಾಣದ ಸಿಟ್ಟು ಅವನ ಮುಖದಲ್ಲಿತ್ತು. “ಮೈಕ್ ಐತೇನಲೇ ನಿನ್ನತ್ರ?” ಅಂದ.

ಮುಂದಿನ ಭಾನುವಾರ ಮೈಕು, ಲ್ಯಾಪ್‌ಟಾಪು ತಂದೆ. ಅಂಗಡಿಯ ಬಾಗಿಲು ಅರ್ಧ ಎಳೆದು, ಸುಟ್ಟ ಮೋಟರುಗಳ ನಡುವೆ ಕೂತೆವು. ಹೊಸ ಹಾಡು. ಆಸ್ಪತ್ರೆ, ಕಂಪನಿ, ಮೆರವಣಿಗೆ, ಶಾಲೆ, ಎಲ್ಲ ಅದರಲ್ಲಿದ್ದವು. ಮತ್ತೆ ಮತ್ತೆ ಬರುವ ಸಾಲು ಒಂದೂ ಇರಲಿಲ್ಲ. “ಕತ್ತರಿಸ್ಕೊಂಡು ಹೋಗಾಕ ಏನೂ ಸಿಗಬಾರ್ದು” ಅಂದ. ಇದನ್ನು ಯಾರು ಕೇಳುತ್ತಾರೆ, ಎಷ್ಟು ದಿನ ನೆಟ್ಟಿನಲ್ಲಿ ಉಳಿಯಲು ಬಿಡುತ್ತಾರೆ, ನನಗೆ ಗೊತ್ತಿಲ್ಲ. ನಮ್ಮ ಕಡೆಯವರನ್ನು ಬಿಟ್ಟು ಇನ್ನಾರೂ ಕೇಳದೆ ಇರಬಹುದು. ಆಯಿಷಾ ಸ್ಟೂಲಿನ ಮೇಲೆ ಸದ್ದು ಮಾಡದೆ ಕೂತಿದ್ದಳು. ನಾನು ಕೈ ಎತ್ತಿ ಸನ್ನೆ ಮಾಡಿದೆ.

“ನಮ್ಮಕ್ಕನ ಹೆಸರು ಪರ್ವೀನ್” ಎಂದು ಮೌಲಾ ಶುರು ಮಾಡಿದ.

ಒಳಗಿನಿಂದ ಹಸೀನಮ್ಮನ ದನಿ ಬಂತು: “ಪೂರಾ ಹೆಸರು ಹೇಳೋ.”

ನಾನು ರೆಕಾರ್ಡಿಂಗ್ ನಿಲ್ಲಿಸಿ ಮತ್ತೆ ಹಚ್ಚಿದೆ. ಅವನು ಉಸಿರು ತುಂಬಿಕೊಂಡು, ಮೈಕಿಗೆ ಬಾಯಿ ಹತ್ತಿರ ತಂದು ಹೇಳಿದ.

“ಪರ್ವೀನ್ ಬೇಗಂ.”